ಟೆಲಿಸ್ಕೋಪಿಗೆ ಹೆಸರಿಟ್ಟ ಔತಣ

1611ರ ಏಪ್ರಿಲ್ 14. ರೋಮ್ ನಗರದ ಜನಿಕ್ಯುಲಮ್ ಗುಡ್ಡದ ಮೇಲೆ ಗೆಲಿಲಿಯೋಗೆ ಔತಣ. ಕರೆದವನು ಲಿಂಚೈ ಅಕಾಡೆಮಿ ಕಟ್ಟಿದ ಫೆಡೆರಿಕೊ ಚೇಸಿ. ಬಂದವರು ಗೆಲಿಲಿಯೋನ ಕೊಳವೆಗೆ ಕಣ್ಣಿಟ್ಟು, ಸುಮಾರು ಮೂರು ಮೈಲಿ ಆಚೆ ಲ್ಯಾಟೆರನ್ ಕಟ್ಟಡದ ಮೇಲೆ ಕೆತ್ತಿದ್ದ ಅಕ್ಷರಗಳನ್ನು ಓದಿದರು. ಆ ಕೊಳವೆಗೆ ಟೆಲಿಸ್ಕೋಪ್ ಎಂಬ ಹೆಸರು ಬಂದದ್ದು ಅದೇ ಕೂಟದಲ್ಲಿ. ಸೂಚಿಸಿದವನು ಗ್ರೀಕ್ ವಿದ್ವಾಂಸ ಡೆಮಿಸಿಯಾನಿ ಎನ್ನುತ್ತಾರೆ.

ಗ್ರೀಕಿನಲ್ಲಿ ಟೀಲೆ ಎಂದರೆ ದೂರದಲ್ಲಿ, ಸ್ಕೋಪ್ ಎಂಬುದಕ್ಕೆ ಮೂಲ ನೋಡು ಎಂಬ ಕ್ರಿಯಾಪದ. ಹೋಮರನ 'ಒಡಿಸ್ಸಿ'ಯಲ್ಲಿ ನಾಯಕನ ಮಗ ಟೆಲಿಮ್ಯಾಕಸ್. ದೂರದಿಂದ ಕಾದಾಡುವವನು ಎಂದು ಆ ಹೆಸರಿನ ಅರ್ಥ. ಟೆಲಿ ಅಷ್ಟು ಹಳೆಯದು. ಆದರೆ ಅದನ್ನು ಯಂತ್ರಗಳಿಗೆ ಅಂಟಿಸಿದವರು ಪ್ರಾಚೀನ ಗ್ರೀಕರಲ್ಲ, ಅವರ ಭಾಷೆಯಿಂದ ಸಾಲ ತಂದ ಯುರೋಪಿನವರು.

ಫ್ರಾನ್ಸಿನ ಕ್ಲೋದ್ ಶಾಪ್ ಗೋಪುರಗಳ ಮೇಲೆ ಮರದ ತೋಳುಗಳನ್ನು ನಿಲ್ಲಿಸಿ, ಅವನ್ನು ಬೇರೆಬೇರೆ ಭಂಗಿಗಳಿಗೆ ತಿರುಗಿಸಿ ಸಂದೇಶ ಕಳಿಸುತ್ತಿದ್ದ. ಒಂದು ಗೋಪುರದ ಸನ್ನೆಯನ್ನು ಮುಂದಿನ ಗೋಪುರದವನು ದುರ್ಬೀನಿನಲ್ಲಿ ನೋಡಿ ಹಾಗೆಯೇ ತೋರಿಸಬೇಕು. 1794ರಲ್ಲಿ ಪ್ಯಾರಿಸ್‌ನಿಂದ ಲಿಲ್‌ವರೆಗೆ ಈ ಸಾಲು ಓಡಿತು. ವಿದ್ಯುತ್ತಿನ ಸುಳಿವೂ ಇಲ್ಲ. ಶಾಪ್ ಇಟ್ಟಿದ್ದ ಹೆಸರು ಟ್ಯಾಕಿಗ್ರಾಫ್, ಅಂದರೆ ವೇಗದ ಬರಹ. ಅದನ್ನು ಟೆಲಿಗ್ರಾಫ್ ಎಂದು ಬದಲಿಸಿದ್ದು ಮಿಯೊ ಎಂಬ ಅಧಿಕಾರಿಯ ಸಲಹೆ. ಒಳ್ಳೆಯ ಸಲಹೆಯೇ: ವೇಗಕ್ಕಿಂತ ದೂರ ಗೆಲ್ಲುವುದೇ ಆಗ ದೊಡ್ಡ ಮಾತು.

ಟೆಲಿವಿಷನ್ ಮಾತ್ರ ಶುದ್ಧಿಯ ಕಟ್ಟಾಳುಗಳಿಗೆ ರುಚಿಸಲಿಲ್ಲ. 1900ರಲ್ಲಿ ಪ್ಯಾರಿಸ್‌ನ ಸಮ್ಮೇಳನವೊಂದರಲ್ಲಿ ರಷ್ಯದ ಪೆರ್ಸ್ಕಿ ಬಳಸಿದ ಈ ಪದದಲ್ಲಿ ಮುಂಭಾಗ ಗ್ರೀಕ್, ಹಿಂಭಾಗ ಲ್ಯಾಟಿನ್. ಜನ ಕಿವಿಗೊಡಲಿಲ್ಲ, ಪದ ನಿಂತಿತು.

ಕಾಗುಣಿತ ನೋಡಿ ಮೋಸಹೋಗುವುದೂ ಉಂಟು. ತತ್ತ್ವಶಾಸ್ತ್ರದ ಟೆಲಿಯಾಲಜಿ ದೂರಕ್ಕೆ ಸಂಬಂಧಿಸಿದ್ದಲ್ಲ. ಗುರಿ, ಕೊನೆ ಎಂಬರ್ಥದ ಟೆಲೊಸ್‌ನಿಂದ ಹುಟ್ಟಿದ್ದು.

ಭಾರತದಲ್ಲಿ ತಂತಿ ಸಂದೇಶ 2013ರ ಜುಲೈನಲ್ಲಿ ನಿಂತುಹೋದರೂ ಟೆಲಿ ನಿಲ್ಲಲಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಯಲ್ಲೇ ಮಾನಸಿಕ ಆರೋಗ್ಯದ ನೆರವು ಕೊಡುತ್ತದೆ; ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಇಲ್ಲಿ ಟೆಲಿ ಇನ್ನೂ ದೂರವೇ. ಟೆಲಿಫಿಲಂನಲ್ಲಿ ಹಾಗಲ್ಲ: ಅಲ್ಲಿ ಟೆಲಿ ಎಂದರೆ ಬರೀ ಟೆಲಿವಿಷನ್, ಮನೆಯ ಸೋಫಾ ಎದುರಿಗೇ ಓಡುವ ಚಿತ್ರಕ್ಕೂ ಅದೇ ಹೆಸರು.