ದಾನದ ನಿವೇಶನ ಮಾರುವುದು ಬೇಡ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಹೇಳಿದ್ದರು. ಆ ಭಾಷಣವನ್ನು 34 ವರ್ಷ ತರಗತಿಯಲ್ಲಿ ಮಾಡಿದ್ದೇನೆ. ಇವತ್ತು ಅವರ ಅನುಮತಿ ಪಡೆದು ಮನೆಯ ವಿಷಯ ಮಾತನಾಡುತ್ತೇನೆ.

ನಾನು ಸೇವೆಯಲ್ಲಿದ್ದಾಗ ಹತ್ತನೇ ತರಗತಿಯ ಒಬ್ಬ ಹುಡುಗಿ ಫೆಬ್ರವರಿಯಲ್ಲಿ ಎಂಟು ದಿನ ಶಾಲೆಗೆ ಬರಲಿಲ್ಲ. ಜ್ವರ ಇರಬೇಕೆಂದು ಮನೆಗೆ ಹೋದರೆ ಬಾಗಿಲಿಗೆ ಬೀಗ. 11 ತಿಂಗಳ ಕರಾರು ಮುಗಿದು, ಮಾಲೀಕರು ಬಾಡಿಗೆ ಏರಿಸಿದ್ದಕ್ಕೆ ಖಾಲಿ ಮಾಡಿ ಹೋದರು ಎಂದರು ಪಕ್ಕದವರು. ತಾಯಿ ಬೀಡಿ ಕಟ್ಟುವವರು. ಅಜ್ಜಿ ಹಾಸಿಗೆ ಹಿಡಿದಿದ್ದರು. ಮುದುಕಿ ಇದ್ದಾರೆಂದು ಒಬ್ಬರು, ಗಂಡಸರಿಲ್ಲದ ಮನೆಯೆಂದು ಇನ್ನೊಬ್ಬರು ಬಾಡಿಗೆಗೆ ಕೊಡಲಿಲ್ಲವಂತೆ. ಹುಡುಗಿ ಪರೀಕ್ಷೆ ಬರೆದು ಪಾಸಾದಳು. ಆದರೆ ಗಣಿತದಲ್ಲಿ 80 ತೆಗೆಯುತ್ತಿದ್ದವಳಿಗೆ 41 ಬಂದಿತ್ತು. ನಮ್ಮ ಟ್ರಸ್ಟಿಗೇ ಅರ್ಜಿ ಹಾಕಿದಳು. ಅಂಕ ಸಾಲದೆಂದು ಕೈಬಿಟ್ಟೆವು. ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ, ಸಹಿ ಹಾಕಿದೆ.

ಈಗ ಬಸ್ ನಿಲ್ದಾಣದ ಹಿಂದಿನ 12 ಸೆಂಟ್ಸ್ ಜಾಗವನ್ನು ಒಬ್ಬ ತಾಯಿ ಟ್ರಸ್ಟಿಗೆ ಬರೆದುಕೊಟ್ಟಿದ್ದಾರೆ. ಅದನ್ನು ಮಾರಿ ಹಣವನ್ನು ವಿದ್ಯಾರ್ಥಿವೇತನ ನಿಧಿಗೆ ಸೇರಿಸೋಣ ಎಂಬ ಪ್ರಸ್ತಾಪವಿದೆ. ಒಳ್ಳೆಯ ಉದ್ದೇಶವೇ. ಆದರೂ ಮಾರಬಾರದು, ಅಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಬೇಕು ಎಂಬುದು ನನ್ನ ಅಭಿಪ್ರಾಯ.

ನಿವೃತ್ತಿಯ ನಂತರ ಆರು ತಿಂಗಳು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯ ಅಲ್ಲಿನ ಚಿಪ್ ಕಾರ್ಖಾನೆಯಲ್ಲಿದ್ದಾನೆ. ಹತ್ತಿರದ ಬರ್ಲಿಂಗ್ಟನ್ ಊರಿನಲ್ಲಿ 1984ರಲ್ಲಿ ಜನರೇ ಸೇರಿ ಒಂದು ಟ್ರಸ್ಟ್ ಮಾಡಿದರು. ಬರ್ನಿ ಸ್ಯಾಂಡರ್ಸ್ ಆಗ ಅಲ್ಲಿನ ಮೇಯರ್. ನಗರಸಭೆ 2 ಲಕ್ಷ ಡಾಲರ್ ಕೊಟ್ಟಿತು. ಇಂದು ಅದರ ಹೆಸರು ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್. 2,000ಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತದೆ. ಮನೆ ಕೊಳ್ಳುವ ದುಡಿಯುವ ಕುಟುಂಬಗಳಿಗೆ ಅಲ್ಲೊಂದು ವಿಶೇಷ ಕ್ರಮವಿದೆ. ಮನೆ ಕೊಂಡವರದು, ನೆಲ ಟ್ರಸ್ಟಿನದು. ಬಿಟ್ಟುಹೋಗುವಾಗ ಮನೆಯ ಬೆಲೆ 4 ಲಕ್ಷ ಏರಿದ್ದರೆ ಅವರಿಗೆ ಅದರಲ್ಲಿ 1 ಲಕ್ಷ ಮಾತ್ರ. ಉಳಿದದ್ದು ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಮುಂದಿನ ಬಡ ಕುಟುಂಬಕ್ಕೂ ಮನೆ ಕೈಗೆಟಕುತ್ತದೆ.

ಅದೇ ಊರಿನಲ್ಲಿ ಒಂದು ಚರ್ಚಿನ ಸದಸ್ಯರು 1977ರಲ್ಲಿ ವೃದ್ಧರ ವಸತಿಗಾಗಿ ಸಂಸ್ಥೆ ಕಟ್ಟಿದರು. ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ಅದು ವೃದ್ಧಾಶ್ರಮವಲ್ಲ. ಒಬ್ಬೊಬ್ಬರಿಗೂ ಸ್ವಂತ ಬೀಗದ ಕೈ, ಸ್ವಂತ ಅಡುಗೆಮನೆ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ. ಸುಮಾರು 100 ಜನರಿಗೆ ಒಬ್ಬ ಸಂಯೋಜಕಿ, ವಾರಕ್ಕೆ 10 ಗಂಟೆ ಬರುವ ನರ್ಸ್. ಎಪ್ಪತ್ತೆಂಟರ ಒಬ್ಬ ಹೆಂಗಸು ನಮಗೆ ಚಹಾ ಮಾಡಿಕೊಟ್ಟರು. ಸಕ್ಕರೆ ಹಾಕಲು ಮರೆತರು, ಅದು ಬೇರೆ ಮಾತು. ಮಗನ ಮನೆಯಲ್ಲಿ ಮೂಲೆ ಹಿಡಿದ ನಮ್ಮ ಎಷ್ಟೋ ಅಜ್ಜಿಯರು ನನಗೆ ನೆನಪಾದರು.

ಇದು ಅಮೆರಿಕದವರ ಬುದ್ಧಿ ಎಂದು ಯಾರೂ ಬೆರಗಾಗಬೇಕಿಲ್ಲ. ಅಲ್ಲಿ ಇಂಥ ಮೊದಲ ಭೂ ಟ್ರಸ್ಟನ್ನು 1969ರಲ್ಲಿ ಜಾರ್ಜಿಯಾದ ಕಪ್ಪು ರೈತರು ಮಾಡಿದರು. ಅವರಿಗೆ ಸ್ಫೂರ್ತಿ ಕೊಟ್ಟದ್ದರಲ್ಲಿ ನಮ್ಮ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಶುರುವಾದ ಭೂದಾನವೇ ಮುಂದೆ ಗ್ರಾಮದಾನವಾಗಿ ಬೆಳೆದದ್ದು. ಅದಕ್ಕೂ ಮೊದಲಿನದನ್ನು ಇಲ್ಲಿರುವ ಮದ್ರಸದ ಮಕ್ಕಳೇ ಹೇಳಬಲ್ಲರು. ಹಝ್ರತ್ ಉಮರ್ ಅವರಿಗೆ ಖೈಬರಿನಲ್ಲಿ ಭೂಮಿ ಸಿಕ್ಕಾಗ ಪ್ರವಾದಿಯವರ ಸಲಹೆ ಕೇಳಿದರು. ಆ ಭೂಮಿಯನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ವಾರಸುದಾರರಿಗೆ ಹೋಗುವಂತಿಲ್ಲ, ಬಂದ ಫಲ ಮಾತ್ರ ಬಡವರಿಗೆ, ದಾರಿಹೋಕರಿಗೆ ಎಂದಾಯಿತು. ನಮ್ಮ ಜಾಗ ವಕ್ಫ್ ಎಂದು ನೋಂದಣಿಯಾದದ್ದಲ್ಲ, ದಾನಪತ್ರದಲ್ಲಿ ಬಂದದ್ದು. ಮಾರಲು ಕಾನೂನಿನ ಅಡ್ಡಿ ಇಲ್ಲದಿರಬಹುದು. ಆದರೆ ಆ ತಾಯಿ ಹಣ ಕೊಡಲಿಲ್ಲ, ನೆಲ ಕೊಟ್ಟರು.

ಜಾರ್ಜಿಯಾದವರ ಕಥೆಯಲ್ಲಿ ಎಚ್ಚರಿಕೆಯೂ ಇದೆ. ಅವರದು ಸುಮಾರು 5,700 ಎಕರೆ. ಬರ ಬಂತು, ಸಾಲ ತೀರಲಿಲ್ಲ, 1985ರಲ್ಲಿ ಭೂಮಿ ಕೈತಪ್ಪಿತು. ಆದ್ದರಿಂದ ನಿವೇಶನವನ್ನು ಬ್ಯಾಂಕಿಗೆ ಅಡವಿಟ್ಟು ಕಟ್ಟುವುದು ಬೇಡ. ಎಂಟು ಸಣ್ಣ ಮನೆಗಳಾಗುತ್ತವೆ ಎಂದು ಇಂಜಿನಿಯರರು ಹೇಳಿದ್ದಾರೆ. ಮೊದಲು ನಾಲ್ಕೇ ಕಟ್ಟೋಣ. ಜಕಾತ್ ಹಣವನ್ನು ಕಟ್ಟಡಕ್ಕೆ ಹಾಕಬಹುದೇ ಎಂಬಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಮುಟ್ಟದೆ ಸದಕಾ ನಿಧಿಯಿಂದಲೇ ಆಗಲಿ. ಮೆಟ್ಟಿಲಿಲ್ಲದ ಕೆಳಗಿನ ಎರಡು ಮನೆ ವೃದ್ಧರಿಗಿರಲಿ. ಬಾಡಿಗೆ ಆದಾಯದ ಶೇ. 30ನ್ನು ಮೀರದಿರಲಿ, ಪೂರ್ತಿ ಉಚಿತವೂ ಬೇಡ. ಉಚಿತವಾಗಿ ಕೊಟ್ಟ ಮನೆಯ ಮಾಡು ಸೋರಿದರೆ ರಿಪೇರಿಗೆ ಯಾರಲ್ಲೂ ಹಣ ಇರುವುದಿಲ್ಲ. ಕರಾರು 11 ತಿಂಗಳದ್ದೇ ಆದರೂ, ಮಕ್ಕಳ ಪರೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದೆಂದು ಅದರಲ್ಲಿ ಬರೆದಿರಲಿ.

ಆ ಹುಡುಗಿ ಈಗ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಕಳೆದ ತಿಂಗಳು ಸಿಕ್ಕಿದ್ದಳು. "ಟೀಚರ್, ಈಗಿನದು ಹದಿನಾಲ್ಕನೇ ಮನೆ" ಎಂದು ನಕ್ಕಳು.

ಕೊನೆಗೆ ಮಕ್ಕಳಿಗೊಂದು ಮಾತು. ಈ ವರ್ಷದ ಅರ್ಜಿಯಲ್ಲಿ ನನ್ನ ಕೋರಿಕೆಯ ಮೇಲೆ ಒಂದು ಹೊಸ ಕಾಲಂ ಸೇರಿದೆ: ಮನೆ ಸ್ವಂತದ್ದೋ ಬಾಡಿಗೆಯದೋ, ಮೂರು ವರ್ಷದಲ್ಲಿ ಎಷ್ಟು ಸಲ ಬದಲಾಯಿಸಿದಿರಿ. ಅಂಕ ಕಡಿಮೆಯಿದ್ದರೂ ಸಮಿತಿ ಇದನ್ನು ನೋಡುತ್ತದೆ. ನಾಚಿಕೆಪಡದೆ ತುಂಬಿಸಿ ಕೊಡಿ.