ಹಿಡಿಯಲೂ ಬೇಕು, ಬಿಡಲೂ ಬೇಕು
(ಸಂಘದ ವಾರದ ಕೂಟದಲ್ಲಿ ಮಾಡಿದ ಭಾಷಣ)



ಯುದ್ಧದ ಕತೆಯೆಂದರೆ ವೈಮಾನಿಕರ ಶೌರ್ಯವನ್ನೇ ನಾವು ಕೇಳಿದ್ದೇವೆ. ಈ ದಿನ ಒಂದು ತೊಟ್ಟಿ, ಒಂದು ಗಾಜಿನ ಕೊಳವೆಯ ಸಂಗತಿ ಹೇಳುತ್ತೇನೆ.

1943ನೆಯ ಇಸವಿ ಅಕ್ಟೋಬರ್ 14. ಜರ್ಮನಿಯ ಶ್ವೈನ್‌ಫುರ್ಟಿನ ಬಾಲ್‌ಬೇರಿಂಗ್ ಕಾರ್ಖಾನೆಗಳ ಮೇಲೆ ಇಂಗ್ಲೆಂಡಿನಿಂದ 291 ಅಮೆರಿಕನ್ ಬಾಂಬರುಗಳು ಹೊರಟವು. ಕಾವಲಿನ ಥಂಡರ್‌ಬೋಲ್ಟ್ ವಿಮಾನಗಳು ಪೆಟ್ರೋಲು ಸಾಲದೆ ಆಖನ್ ಊರಿನ ಬಳಿಯಿಂದ ಹಿಂದಿರುಗಬೇಕಾಯಿತು. ಅಲ್ಲಿಂದ ಮುಂದೆ ಶತ್ರು ಮೇಲೆ ಬಿದ್ದ. 60 ಬಾಂಬರುಗಳು ಮರಳಲಿಲ್ಲ. ಒಂದೊಂದರಲ್ಲಿ 10 ಜನರಂತೆ ಲೆಕ್ಕ ಹಾಕಿರಿ.

ರೆಕ್ಕೆಯ ಕೆಳಗೆ ಇನ್ನಷ್ಟು ಪೆಟ್ರೋಲು ತೂಗುಹಾಕಿದರೆ ಮುಗಿಯಿತಲ್ಲ ಎನ್ನಬಹುದು. ಕೆಲಸ ಅಷ್ಟು ಸುಲಭವಲ್ಲ. ಬಹಳ ಎತ್ತರದಲ್ಲಿ ಗಾಳಿ ತೆಳುವು. ತೊಟ್ಟಿಯ ಪೆಟ್ರೋಲು ಸರಿಯಾಗಿ ಯಂತ್ರಕ್ಕೆ ಏರದು. ಸೀಮೆಎಣ್ಣೆ ಸ್ಟವ್‌ಗೆ ಪಂಪು ಹೊಡೆಯದೆ ಎಣ್ಣೆ ಏರುತ್ತದೆಯೇ? ಅದೇ ನ್ಯಾಯ. ಇಂಗ್ಲೆಂಡಿನ ಬೋವಿಂಗ್‌ಡನ್ ವಿಮಾನ ನಿಲ್ದಾಣದಲ್ಲಿದ್ದ ಅಮೆರಿಕನ್ ತಾಂತ್ರಿಕರು, ವಿಮಾನದ ಒಂದು ಪಂಪು ಹೊರಕ್ಕೆ ಉಗುಳುತ್ತಿದ್ದ ಗಾಳಿಯನ್ನೇ ತೊಟ್ಟಿಗೆ ತಿರುಗಿಸಿದರು. ವ್ಯರ್ಥವಾಗುತ್ತಿದ್ದ ಗಾಳಿ ಪೆಟ್ರೋಲನ್ನು ಮೇಲಕ್ಕೆ ತಳ್ಳಿತು.

ಇನ್ನು ತೊಟ್ಟಿ. ಲೋಹಕ್ಕೆ ಬರ, ಆದ್ದರಿಂದ ಇಂಗ್ಲೆಂಡಿನಲ್ಲಿ ಕಾಗದದ ಪದರಗಳನ್ನು ಅಂಟಿನಿಂದ ಕೂಡಿಸಿ ಸುಮಾರು 400 ಲೀಟರು ಹಿಡಿಯುವ ತೊಟ್ಟಿ ಮಾಡಿದರು. ಕೆಲವು ಗಂಟೆ ಕಳೆದರೆ ಪೆಟ್ರೋಲು ಅಂಟನ್ನು ಸಡಿಲಿಸುತ್ತಿತ್ತು. ಆದಕಾರಣ ಹೊರಡುವ ಮುನ್ನವೇ ತುಂಬಬೇಕು. ಒಂದೇ ಪ್ರಯಾಣಕ್ಕೆ ಅದು ಸಾಕು. ಕೆಳಗೆ ಬಿದ್ದರೂ ಶತ್ರುವಿಗೆ ಚೂರು ಲೋಹ ಸಿಗದು.

ತೊಟ್ಟಿಯನ್ನು ಬಾಂಬಿನ ಕೊಕ್ಕೆಗೇ ತೂಗುಹಾಕುತ್ತಿದ್ದರು. ಅಲುಗಾಡದಂತೆ ಎರಡೂ ಬದಿಯಿಂದ ಒತ್ತುಗೈಗಳು. ರಬ್ಬರು ಕೊಳವೆಗಳ ನಡುವೆ ಗಾಜಿನ ಮೊಣಕೈ. ಶತ್ರು ಕಂಡೊಡನೆ ವೈಮಾನಿಕನು ಒಳಗಿನ ಟ್ಯಾಂಕಿಗೆ ಬದಲಿಸಿ ಕೊಕ್ಕೆ ಬಿಡುತ್ತಿದ್ದ. ತೊಟ್ಟಿಯ ಭಾರಕ್ಕೆ ಗಾಜು ಒಡೆದು ಕೊಳವೆ ಕಳಚಿಕೊಳ್ಳುತ್ತಿತ್ತು. ಖಾಲಿ ತೊಟ್ಟಿ ಜೋತು ನಿಂತರೆ ಕಾದುವುದು ಹೇಗೆ? ಗಾಜನ್ನು ಒಡೆಯಲೆಂದೇ ಇಟ್ಟಿದ್ದರು, ಬಂಧುಗಳೇ!

1944ರ ಮಾರ್ಚ್ ತಿಂಗಳಲ್ಲಿ ಇಂಥ ಹೊರತೊಟ್ಟಿ ಹೊತ್ತ ಮಸ್ಟಾಂಗ್ ವಿಮಾನಗಳು ಬಾಂಬರುಗಳ ಜೊತೆ ಬರ್ಲಿನ್ನಿನವರೆಗೆ ಹೋದವು.

ಬಾಂಬು ಬಿದ್ದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರೂ ಕೂಲಿಗಾರರೇ ಎಂಬುದನ್ನು ಮರೆಯಬಾರದು. ಯುದ್ಧ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ನೂರಾರು ಮೈಲಿ ಆಚೆ ಹತ್ತು ಜನರ ಪ್ರಾಣ, ನೆಲದ ಮೇಲೆ ಒಬ್ಬನು ಬಿಗಿದ ಕೊಳವೆಯನ್ನು ನಂಬಿತ್ತು. ಪದಕ ಹಾರಿದವನ ಎದೆಗೆ ಬಂತು. ಬಿಗಿದವನ ಕೈಯನ್ನೂ ನೆನೆಯೋಣ.