ಕೇಳಿದರೆ ತಾನೆ ಹೇಳೋದು?

ಕೆಲವು ವರ್ಷಗಳ ಹಿಂದಿನ ಮಾತು. ಬಸವಕಲ್ಯಾಣಕ್ಕೆ ಹೊರಟಿದ್ದ ನಾನು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜ, ಅವರಾಚೆ ಇಯರ್‌ಫೋನ್ ಹಾಕಿಕೊಂಡ ಕಾಲೇಜು ಹುಡುಗ. ಅಜ್ಜ ಫೋನ್ ಚಾಚಿ, "ತಮ್ಮಾ, ಇದೇನ್ ಬಂದದ ನೋಡಪಾ" ಅಂದರು. ಹುಡುಗ ನೋಡಿ ಹೇಳಿದ: "ಮುತ್ಯಾ, ಪಿಂಚಣಿ ರೊಕ್ಕ ಜಮಾ ಆಗ್ಯದ."

ಅಜ್ಜನ ಚೀಲದಲ್ಲಿ ಹಳೆಯ ಜಮೀನಿನ ಕಾಗದವಿತ್ತು. ಪೂರ್ತಿ ಉರ್ದು. "ಇದು ನಿಮಗ ಓದ್ಲಾಕ ಬರ್ತದೇನ್ರಿ?" ಹುಡುಗನಿಗೆ ಅಚ್ಚರಿ. "ನಿಜಾಮನ ಕಾಲದ ಸಾಲ್ಯಾಗ ಕಲ್ತೀನಿ" ಅಂದ ಅಜ್ಜ, ಸಾಲಿನ ಮೇಲೆ ಬೆರಳಿಟ್ಟು ಹೊಲದ ಗಡಿಗಳನ್ನು ಓದಿ ಹೇಳಿದರು. ಹುಡುಗನ ಇಯರ್‌ಫೋನ್ ಆಗಲೇ ಜೇಬು ಸೇರಿತ್ತು.

ವೀಕ್ಷಕರೇ, ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತ ಉರ್ದುವಿನಲ್ಲಿತ್ತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಈ ಊರುಗಳು ಮೈಸೂರು ರಾಜ್ಯ ಸೇರಿದವು. ರಜಾಕಾರರ ದಿನಗಳಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಧ್ವಜಾರೋಹಣ ತೋರಿಸ್ತೀವಿ, ಮಂತ್ರಿಗಳ ಮುಂದೆ ಮೈಕ್ ಹಿಡೀತೀವಿ. ಆ ದಿನಗಳನ್ನು ಕಣ್ಣಾರೆ ಕಂಡ ಮುತ್ಯಾ ಕಟ್ಟೆಯ ಮೇಲೆ ಸುಮ್ಮನೆ ಕೂತಿರ್ತಾರೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹಾಗಂತ ಹಿರಿಯರು ಹೇಳ್ತಾ ಹೋಗೋದು, ಕಿರಿಯರು ತಲೆಯಾಡಿಸೋದು, ಇದಕ್ಕೆ ಸಂಬಂಧ ಅನ್ನೋಕಾಗಲ್ಲ. 12ನೇ ಶತಮಾನದ ಕಲ್ಯಾಣವನ್ನೇ ನೋಡಿ. ಚೆನ್ನಬಸವಣ್ಣ ಬಸವಣ್ಣನವರ ಅಕ್ಕನ ಮಗ, ವಯಸ್ಸಿನಲ್ಲಿ ಚಿಕ್ಕವ. ಆದರೂ ಅವನ ಅರಿವಿಗೆ ಸೋದರಮಾವ ತಲೆಬಾಗಿದರು. ಅಲ್ಲಿ ವಯಸ್ಸು ಮಾತಿಗೆ ಅಡ್ಡ ಬರಲಿಲ್ಲ. ಅದೇ ಊರಲ್ಲಿ ನೂತನ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆ ಆಯ್ತು. ಆ ಮಂಟಪ ಸರ್ಕಾರ ಕಟ್ಟುತ್ತೆ. ಮನೆಯೊಳಗಿನ ಮಾತುಕತೆ ಯಾವ ಸರ್ಕಾರವೂ ಕಟ್ಟಿಕೊಡಲ್ಲ.

ಹೈದರಾಬಾದ್, ಪುಣೆಯಲ್ಲಿ ದುಡೀತಿರುವ ಮಕ್ಕಳೇ, ಮುಂದಿನ ಸಲ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಡಬೇಡಿ. ಊರಿಗೆ ಹೋದಾಗ ಹಳೇ ಕಾಗದ ತೆಗೆಸಿ, ಓದಿಸಿ, ಆ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹಿರಿಯರೇ, ನೀವೂ "ನಮ್ಮ ಕಾಲದಾಗ" ಅನ್ನೋ ಮೊದಲು "ನಿನ್ನ ಕೆಲಸ ಏನಪಾ, ನನಗಷ್ಟು ತಿಳಿಸಿ ಹೇಳು" ಅನ್ನಿ.

ಈ ಬುಲೆಟಿನ್ ಮುಗೀತು. ಇವತ್ತೊಂದು ರಾತ್ರಿ ಟಿವಿ ಆಫ್ ಮಾಡಿ, ಪಕ್ಕದಲ್ಲಿ ಕೂತವರನ್ನ ಮಾತಾಡಿಸಿ.